ಮನೆಯಲ್ಲೇ ಇರುವವಳ ಗಂಡ

ನನಗೊಂದು ಕೆಮ್ಮಿದೆ. ಡಾಕ್ಟರಿಗೆ ತೋರಿಸುವಂಥದ್ದಲ್ಲ, ಬಾಗಿಲು ಕಂಡಾಗ ಮಾತ್ರ ಬರುವ ಕೆಮ್ಮು. ಹೊಸ್ತಿಲು ಇನ್ನೂ ಒಂದು ಮಾರು ದೂರವಿರುವಾಗಲೇ ಗಂಟಲು ತಾನಾಗಿ ಗುರುಗುಟ್ಟುತ್ತದೆ. ಒಳಗಿನಿಂದ ಯಾರಾದರೂ ‘ಬರ್ರಿ’ ಅನ್ನುವವರೆಗೆ ಕಾಲು ಮುಂದೆ ಏಳುವುದಿಲ್ಲ. ಮೊನ್ನೆ ಎಟಿಎಂ ಮುಂದೆ ಹೀಗೇ ಕೆಮ್ಮಿ ನಿಂತುಬಿಟ್ಟೆ. ಒಳಗೆ ಯಾರೂ ಇರಲಿಲ್ಲ. ಹಿಂದೆ ನಿಂತಿದ್ದ ತೊಗರಿ ವ್ಯಾಪಾರಿಯೊಬ್ಬರು, ಯಾರಿಗೆ ಕಾಯುತ್ತಿದ್ದೀರಿ ಎಂದು ವಿಚಾರಿಸಿದರು. ಅವರಿಗೆ ಏನೆಂದು ಹೇಳಲಿ? ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ಬಂದ ಅಭ್ಯಾಸ ಇದು ಎಂದರೆ ಅವರು ಬೇರೆ ಏನೋ ತಿಳಿದುಕೊಳ್ಳುತ್ತಿದ್ದರು.

ನಮ್ಮ ಅಜ್ಜನೂ ಕೆಮ್ಮುತ್ತಿದ್ದ. ಆದರೆ ಅವನ ಕೆಮ್ಮಿಗೆ ಒಂದು ದರ್ಬಾರಿತ್ತು. ಅವನು ಹೊರಗಿನ ಕಟ್ಟೆ ಏರಿ ಒಮ್ಮೆ ಕೆಮ್ಮಿದರೆ ಒಳಗೆ ಹೆಂಗಸರ ಮಾತು ನಿಂತು, ಸೆರಗು ತಲೆಗೇರಿ, ತಂಬಿಗೆಯಲ್ಲಿ ನೀರು ಬಂದು, ನಾವು ಹುಡುಗರು ಪಾಟಿ ಹಿಡಿದು ಓದುವವರಂತೆ ಕೂತುಬಿಡುತ್ತಿದ್ದೆವು. ‘ನಾನು ಬರುತ್ತಿದ್ದೇನೆ’ ಎನ್ನುವುದು ಅಜ್ಜನ ಕೆಮ್ಮು. ‘ನಾನು ಬರಬಹುದೇ’ ಎನ್ನುವುದು ನನ್ನದು. ಎರಡು ತಲೆಮಾರಿನಲ್ಲಿ ಒಂದು ಮನೆತನ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಆಳಂದದಲ್ಲಿ ನಮ್ಮದು ಅದೇ ಅಜ್ಜನ ಕಾಲದ ಮನೆ. ಕಲ್ಲಿನ ಕಟ್ಟೆ, ಫರಸಿ ಕಲ್ಲು ಹಾಸಿದ ಪಡಸಾಲೆ, ಪಕ್ಕಕ್ಕೊಂದು ಮಲಗುವ ಕೋಣೆ, ಹಿಂದೆ ಅಡಿಗೆಮನೆ, ಹಿತ್ತಲು. ಆ ಪಡಸಾಲೆಯಲ್ಲಿ ಈಗ ನನ್ನ ಹೆಂಡತಿ ಮಹಾನಂದಾ ಬ್ಲೌಸ್ ಹೊಲಿಯುತ್ತಾಳೆ. ಸಂಜೆಯ ಹೊತ್ತು ಕಳೆಯಲು ಹೊಲಿಯುತ್ತಾಳೆ ಎಂದುಕೊಳ್ಳಬೇಡಿ. ಬಿಸಿಲೇರುವ ಮೊದಲೇ ಪಡಸಾಲೆ ತುಂಬುತ್ತದೆ. ಒಬ್ಬರು ಅಳತೆ ಕೊಡುತ್ತಿರುತ್ತಾರೆ, ಒಬ್ಬರು ಫಾಲ್ ಪಿಕೋಗೆ ಕಾಯುತ್ತಿರುತ್ತಾರೆ, ಇನ್ನೊಬ್ಬರು ಏನೂ ಕೆಲಸವಿಲ್ಲದೆ ಫ್ಯಾನಿನ ಕೆಳಗೆ ಕೂತು ತಮ್ಮ ಸೊಸೆಯ ವಿಷಯ ಹೇಳುತ್ತಿರುತ್ತಾರೆ. ಮಲಗುವ ಕೋಣೆ ಟ್ರಯಲ್ ರೂಮ್ ಆಗಿದೆ. ನನ್ನ ಪ್ಯಾಂಟು, ಕನ್ನಡಕ, ಬಿಪಿ ಗುಳಿಗೆ ಇರುವುದೂ ಅದೇ ಕೋಣೆಯಲ್ಲಿ. ಕಚೇರಿಗೆ ಹೊತ್ತಾಗುತ್ತಿರುವಾಗ ಹಿತ್ತಲಲ್ಲಿ ಲುಂಗಿಯುಟ್ಟು ನಿಂತು, ಒಳಗೆ ಯಾರೋ ಹೆಣ್ಣುಮಗಳಿಗೆ ತೋಳು ಬಿಗಿಯಾಯಿತೋ ಸಡಿಲಾಯಿತೋ ಎಂಬ ತೀರ್ಮಾನಕ್ಕಾಗಿ ನಾನು ಎಷ್ಟು ಸಲ ಕಾದಿದ್ದೇನೋ. ಆ ತೀರ್ಮಾನ ಬಂದ ಮೇಲೆಯೇ ನನಗೆ ಪ್ಯಾಂಟು.

ಮಹಾನಂದಾ ಅಫಜಲಪುರದವಳು. ಅಲ್ಲಿ ಅವಳ ದೊಡ್ಡಮ್ಮ ಮನೆಯಲ್ಲೇ ಹೊಲಿಯುತ್ತಿದ್ದರಂತೆ. ಅವರ ಕಾಲ ಬಳಿ ಕೂತು ತುಂಡು ಬಟ್ಟೆ ಆರಿಸುತ್ತಲೇ ಇವಳು ಕೈ ಕಲಿತಳು. ಮದುವೆಯಲ್ಲಿ ಪಾತ್ರೆ ಪಡಗದ ಜೊತೆ ಒಂದು ಮಷೀನೂ ಬಂತು. ನಾವು ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಟಿವಿ ಇಟ್ಟೆವು. ಹಲವು ವರ್ಷ ಅದು ಟಿವಿ ಹೊತ್ತುಕೊಂಡು ನಿಂತಿತ್ತು. ಒಂದು ದಿನ ಎದುರು ಮನೆಯ ಮದುವೆ ಹುಡುಗಿ ಅಳುತ್ತ ಬಂದಳು. ಪೇಟೆಯ ಟೇಲರ್ ಅವಳ ಧಾರೆಯ ಬ್ಲೌಸಿನ ಎರಡೂ ತೋಳನ್ನು ಎಡಗೈಗೇ ಹೊಲಿದಿಟ್ಟಿದ್ದ. ಮಹಾನಂದಾ ಟಿವಿಯನ್ನು ಇಳಿಸಿ ನೆಲದ ಮೇಲಿಟ್ಟಳು. ಸಂಜೆಯೊಳಗೆ ಬ್ಲೌಸ್ ಸರಿಯಾಯಿತು. ಟಿವಿ ಮತ್ತೆ ಮೇಲೇರಲೇ ಇಲ್ಲ. ಈಗಲೂ ನಾನು ವಾರ್ತೆ ನೋಡಬೇಕಾದರೆ ನೆಲಕ್ಕೆ ಕೂತು ನೋಡುತ್ತೇನೆ.

ಟೇಲರ್ ಎಂದ ಕೂಡಲೇ ನನಗೆ ಹುಡುಗತನದ ನಾಗರ ಪಂಚಮಿ ನೆನಪಾಗುತ್ತದೆ. ಅಪ್ಪ ಪೇಟೆಯಿಂದ ಒಂದೇ ಥಾನಿನ ಬಟ್ಟೆ ತರುತ್ತಿದ್ದರು. ಅಣ್ಣ, ನಾನು, ತಮ್ಮ, ಕಾಕಾನ ಮಕ್ಕಳು ಎಲ್ಲರಿಗೂ ಅದೇ ಪಟ್ಟೆ, ಅದೇ ಗುಂಡಿ. ನಾವೆಲ್ಲ ಸಾಲಾಗಿ ಹೊರಟರೆ ಬ್ಯಾಂಡಿನವರು ಬಂದರೆಂದು ಜನ ತಿರುಗಿ ನೋಡುತ್ತಿದ್ದರು. ಮೆಹಬೂಬ ಸಾಬರು ಹೊಲಿಯುವವರು. ಅವರಿಗೆ ಅಪ್ಪ ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು: ಬೆಳೆಯುವ ಹುಡುಗ, ಸ್ವಲ್ಪ ಬಿಟ್ಟು ಹೊಲಿಯಿರಿ. ಸಾಬರು ಧಾರಾಳಿ, ಎಷ್ಟೋ ಬಿಟ್ಟು ಹೊಲಿಯುತ್ತಿದ್ದರು. ನನ್ನ ಚಡ್ಡಿಯನ್ನು ನಾನು ಹಿಡಿದುಕೊಂಡು ಓಡುತ್ತಿದ್ದೆ. ಅದು ಸರಿಯಾಗಿ ಕೂರುವಷ್ಟು ನಾನು ಬೆಳೆದಾಗ ಅದು ತಮ್ಮನ ಪಾಲಾಗಿರುತ್ತಿತ್ತು, ಅವನು ಹಿಡಿದುಕೊಂಡು ಓಡುತ್ತಿದ್ದ. ಬಟ್ಟೆ ಆಯಿತೇ ಎಂದು ಕೇಳಲು ಹೋದಾಗಲೆಲ್ಲ ಸಾಬರು ಕತ್ತರಿಯಿಂದ ತಲೆ ಎತ್ತದೆ ‘ನಾಳಿ ಬಾ’ ಎನ್ನುತ್ತಿದ್ದರು. ಆ ನಾಳೆ ಪಂಚಮಿಯ ದಿನ ಬೆಳಿಗ್ಗೆ ಬರುತ್ತಿತ್ತು. ಅಂಥ ಸುಳ್ಳನ್ನು ಗಂಡಸರು ಮಾತ್ರ ಹೇಳುತ್ತಾರೆಂದು ನಾನು ನಂಬಿದ್ದೆ. ಶರಣರ ವಚನ ಬಾಯಿಪಾಠ ಮಾಡಿಕೊಂಡ, ಹಣೆಗೆ ವಿಭೂತಿ ಇಲ್ಲದೆ ನೀರು ಮುಟ್ಟದ ನನ್ನ ಹೆಂಡತಿ ಈಗ ಅದೇ ದನಿಯಲ್ಲಿ ‘ನಾಡಿದ್ದ ಬರ್ರಿ’ ಎನ್ನುವುದನ್ನು ಕೇಳಿದಾಗ ಇದು ಮನುಷ್ಯರ ದೋಷವಲ್ಲ, ಕತ್ತರಿಯದ್ದೇ ಇರಬೇಕು ಎನ್ನಿಸುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದರೂ ನಮ್ಮ ಬಳಗದ ಲೆಕ್ಕದಲ್ಲಿ ಮಹಾನಂದಾ ‘ಮನ್ಯಾಗೇ ಇರ್ತಾಳ’. ಈ ಎರಡು ಶಬ್ದಗಳಿಗೆ ಎಷ್ಟು ಶಕ್ತಿಯಿದೆ ಎಂಬುದು ನಿಮಗೂ ಗೊತ್ತಿರಬಹುದು. ಬಳಗದಲ್ಲಿ ಯಾರಿಗೆ ಆಪರೇಷನ್ ಆದರೂ ಇವಳೇ ಊಟದ ಡಬ್ಬಿ ಒಯ್ಯಬೇಕು, ಏಕೆಂದರೆ ಮನ್ಯಾಗೇ ಇರ್ತಾಳ. ಯಾರ ಮಗನಿಗೆ ಆಳಂದದಲ್ಲಿ ಪರೀಕ್ಷೆ ಇದ್ದರೂ ಅವನು ನಮ್ಮಲ್ಲೇ ಉಣ್ಣಬೇಕು. ಗ್ಯಾಸಿನ ಸಿಲಿಂಡರು ನಮ್ಮದಲ್ಲದೆ ಓಣಿಯ ಎಲ್ಲರದ್ದೂ ನಮ್ಮ ಕಟ್ಟೆಯ ಮೇಲೆ ಇಳಿಯುತ್ತಿತ್ತು. ಖಜೂರಿಯ ನಮ್ಮ ಮಾವ, ಅಂದರೆ ಅವ್ವನ ತಮ್ಮ, ಸೊಲ್ಲಾಪುರ ಕಡೆಯಿಂದ ಬರುವ ಯಾವುದೋ ಟ್ರಕ್ಕು ಹತ್ತಿ ವಾರಕ್ಕೊಮ್ಮೆ ಬಂದಿಳಿಯುತ್ತಿದ್ದರು. ಹೆಣ್ಣುಮಕ್ಕಳ ನಡುವೆಯೇ ದಾರಿ ಮಾಡಿಕೊಂಡು ಹೋಗಿ ಕೂತು, ಬಾಯಿತುಂಬ ಪಿನ್ನು ಕಚ್ಚಿಕೊಂಡ ಮಹಾನಂದಾಳಿಗೆ, ಖಾಲಿ ಕೂತಿದ್ದೀಯಲ್ಲ, ಒಂದು ಕಪ್ ಚಾ ಮಾಡು ಎನ್ನುತ್ತಿದ್ದರು. ಪಿನ್ನು ಕಚ್ಚಿಕೊಂಡವರಿಗೆ ಉತ್ತರ ಕೊಡಲು ಬರುವುದಿಲ್ಲ. ನಮ್ಮ ಸಂಸಾರದ ಶಾಂತಿ ಅರ್ಧಕ್ಕರ್ಧ ಆ ಪಿನ್ನುಗಳ ಪುಣ್ಯ.

ನಾನೇನು ಕಡಿಮೆಯಿರಲಿಲ್ಲ. ಕಚೇರಿಯಲ್ಲಿ ಯಾರಾದರೂ ಕೇಳಿದರೆ, ಏನೋ ಟೈಂಪಾಸಿಗೆ ಮಾಡಾಕತ್ತಾಳ ಬಿಡ್ರಿ ಎನ್ನುತ್ತಿದ್ದೆ. ಹಾಗೆ ಹೇಳುವಾಗ ಮೈಮೇಲೆ ಆ ಟೈಂಪಾಸಿನಿಂದಲೇ ಬಂದ ಅಂಗಿ ಇರುತ್ತಿತ್ತು.

ಒಂದು ಅಮಾವಾಸ್ಯೆಗೆ ಅಂಗಡಿಗೆ, ಅಂದರೆ ಮನೆಗೆ, ಬೀಗ ಹಾಕಿ ಎಲ್ಲರೂ ಘತ್ತರಗಿಗೆ ಹೋದೆವು. ಭೀಮೆಯಲ್ಲಿ ಕಾಲು ತೊಳೆದು ಭಾಗ್ಯವಂತಿ ಗುಡಿಯ ಪಾಳಿಯಲ್ಲಿ ನಿಂತೆವು. ಒಂದು ದಿನವಾದರೂ ಹೊಲಿಗೆಯ ಮಾತಿಲ್ಲ ಎಂದು ಮಗಳು ವಿಜ್ಜಿ ಹಿಗ್ಗುತ್ತಿದ್ದಳು. ಮುಂದೆ ನಿಂತಿದ್ದ ಹೆಂಗಸು ಹಿಂತಿರುಗಿ ನೋಡಿದವಳೇ, ದೇವಿಗೆ ಕೈ ಮುಗಿಯಬೇಕಾದ ಕೈಯನ್ನು ಮೇಲೆತ್ತಿ, ನೀ ಹೊಲಿದದ್ದು ಕಂಕುಳಲ್ಲಿ ಹಿಡಿಯುತ್ತದೆ ನೋಡವ್ವ ಎಂದಳು. ಮಹಾನಂದಾ ಅಲ್ಲೇ ಬಗ್ಗಿ ನೋಡಿ, ಒಂದು ಹೊಲಿಗೆ ಬಿಚ್ಚಿದರೆ ಸರಿಯಾಗುತ್ತದೆ ಎಂದು ತಿಳಿಸಿದಳು. ಹಿಂದಿದ್ದ ಇನ್ನಿಬ್ಬರು ತಮ್ಮದನ್ನೂ ತೋರಿಸಿದರು. ಪಾಳಿ ಮುಂದೆ ಸರಿಯಿತು, ಅವಳು ಅಲ್ಲೇ ಉಳಿದಳು. ದೇವಿಯ ದರ್ಶನ ಆ ದಿನ ನನಗೂ ಅವ್ವನಿಗೂ ವಿಜ್ಜಿಗೂ ಮಾತ್ರ ಆಯಿತು.

ಅವ್ವನ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮೊದಮೊದಲು ಈ ಹೊಲಿಗೆಗೆ ಅವಳಷ್ಟು ವಿರೋಧಿ ಇನ್ನೊಬ್ಬರಿರಲಿಲ್ಲ. ಪಟೇಲರ ಕೂಡ ಕೂತುಂಡ ಮನೆತನದ ಪಡಸಾಲೆಯಲ್ಲಿ ಊರವರ ಕುಬಸ ತೂಗುಹಾಕುವುದೇ ಎಂದು ದೇವರ ಮುಂದೆ ಕೂತು ನಮಗೆ ಕೇಳುವಂತೆ ದೇವರಿಗೆ ಹೇಳುತ್ತಿದ್ದಳು. ಆಮೇಲೆ ಅವಳ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಮೇಲೆ ಅವಳಿಗೆ ಎಲ್ಲವೂ ನಿಚ್ಚಳವಾಗಿ ಕಾಣತೊಡಗಿತು. ಮೊದಲು ಕಂಡದ್ದು, ಸೊಸೆ ಹಚ್ಚಿದ ಒಂದು ಹುಕ್ಕು ಸೊಟ್ಟಗಿರುವುದು. ಅದನ್ನು ಕಿತ್ತು ತಾನೇ ಹಚ್ಚಿದಳು. ಮರುದಿನ ಇನ್ನೊಂದು. ಕ್ರಮೇಣ ಹುಕ್ಕು, ಕಾಜ, ಕೈಹೊಲಿಗೆಯ ಕೆಲಸವೆಲ್ಲ ಅವಳ ಕಡೆಗೇ ಸರಿಯಿತು. ಗೋಡೆಗೊರಗಿ ಕಾಲು ಚಾಚಿ ಕೂತು, ಹುಕ್ಕು ಹಚ್ಚುತ್ತ, ಇಡೀ ಆಳಂದದ ಸುದ್ದಿ ಕೇಳುತ್ತ, ಅವಳಿಗೆ ಮೊಣಕಾಲ ನೋವೂ ಮರೆತುಹೋಯಿತು. ಆದರೆ ಯಾರೂ ಇದನ್ನು ಕೆಲಸವೆಂದು ಕರೆಯುತ್ತಿರಲಿಲ್ಲ. ನಾನಂತೂ ಗಮನಿಸಿಯೇ ಇರಲಿಲ್ಲ. ಮುದುಕಿಗೆ ಹೊತ್ತು ಹೋಗುತ್ತದೆ, ಒಳ್ಳೆಯದಾಯಿತು ಎಂದುಕೊಂಡಿದ್ದೆ.

ಹೀಗಿರುವಾಗ ನನಗೆ ಬಡ್ತಿ ಬಂತು. ನಾನು ಕೆಲಸ ಮಾಡುವುದು ಒಂದು ಸರ್ಕಾರಿ ಕಚೇರಿಯಲ್ಲಿ. ಯಾವುದೆಂದು ಹೇಳಿದರೆ ನೀವು ಯಾವುದಾದರೂ ಫೈಲಿನ ಕೆಲಸ ಹೇಳುತ್ತೀರಿ, ಬೇಡ. ಬಡ್ತಿಯ ಜೊತೆಗೆ ಜೇವರ್ಗಿಗೆ ವರ್ಗವೂ, ನಮ್ಮ ಕಡೆಯ ಮಾತಿನಲ್ಲಿ ಬದ್ಲಿ, ಆಯಿತು. ಕಲಬುರಗಿ ದಾಟಿ, ಭೀಮೆಯ ಸೇತುವೆ ದಾಟಿ ಹೋಗಬೇಕಾದ ಊರು. ದಿನಾ ಹೋಗಿ ಬರುವುದು ನನ್ನ ಬೆನ್ನಿಗೆ ಆಗದ ಮಾತು. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ನೌಕರಿ ಇರುವವನು ಹೋಗುವಲ್ಲಿಗೆ ಮನೆಯಲ್ಲೇ ಇರುವವರು ಬರುತ್ತಾರೆ. ಮನೆಯಲ್ಲೇ ಇರುವುದನ್ನು ಜೇವರ್ಗಿಯಲ್ಲೂ ಮಾಡಬಹುದಲ್ಲ. ಒಂದು ರವಿವಾರ ಹೋಗಿ ಅಲ್ಲಿ ಮನೆಯನ್ನೂ ನೋಡಿ ಬಂದೆ. ನೀರು ಚೆನ್ನಾಗಿದೆ, ವಿಜ್ಜಿಗೆ ಹೈಸ್ಕೂಲು ಹತ್ತಿರ. ಪೇಢೆ ಹಂಚಿ, ಬೇಸಿಗೆ ಮುಗಿಯುವುದರೊಳಗೆ ಸಾಮಾನು ಕಟ್ಟೋಣ ಎಂದು ಸಾರಿದೆ.

ಮಹಾನಂದಾ ಪೇಢೆ ತಿಂದಳು, ಕೈ ಒರೆಸಿಕೊಂಡು ಕತ್ತರಿ ಹಿಡಿದಳು. ಎರಡು ದಿನ ಹೊಲಿಯುತ್ತಲೇ ಇದ್ದಳು. ಮೂರನೆಯ ದಿನ, ನೀವು ಹೋಗಿ ಬನ್ನಿ, ನಾನು ಬರುವುದಾಗುವುದಿಲ್ಲ ಎಂದಳು. ನಾನು ನಕ್ಕೆ. ಆಮೇಲೆ ಅವಳು ನಗಲಿಲ್ಲವೆಂದು ಗೊತ್ತಾಗಿ ಖಜೂರಿ ಮಾವನಿಗೆ ಫೋನ್ ಮಾಡಿದೆ.

ಮಾವ ಅಂದೇ ಬಂದರು. ಇಂಥದ್ದಕ್ಕೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ಪಡಸಾಲೆಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ಗಿರಾಕಿಗಳನ್ನು ಹೊರಗೆ ಕಳಿಸಿದ್ದೆವು; ಅವರು ಕಟ್ಟೆಯ ಮೇಲೆ ಕೂತು ಕಿಟಕಿಗೆ ಕಿವಿ ಕೊಟ್ಟಿದ್ದರು. ಗೃಹಸ್ಥಾಶ್ರಮ, ಪತಿವ್ರತಾಧರ್ಮ, ಕಾಯಕವೇ ಕೈಲಾಸ, ಎಲ್ಲವನ್ನೂ ಮಾವ ಮುಟ್ಟಿ ಬಂದರು. ಕಾಯಕವೇ ಕೈಲಾಸ ಎಂಬುದು ತಾವು ಹೇಳುತ್ತಿರುವುದಕ್ಕೆ ಉಲ್ಟಾ ಹೊಡೆಯುತ್ತದೆಂದು ಅವರಿಗೆ ಅರ್ಧದಲ್ಲಿ ಹೊಳೆದಿರಬೇಕು. ಕೆಮ್ಮಿ ಮಾತು ಬದಲಿಸಿದರು.

“ಹೊಲಿಗಿ ಏನವ್ವ, ಅಲ್ಲೂ ಹೊಲಿಬಹುದು,” ಎಂದರು. “ಜೇವರ್ಗಿ ಹೆಣ್ಮಕ್ಕಳು ಬ್ಲೌಸ್ ಹಾಕ್ಕೊಳಂಗಿಲ್ಲೇನು?”

ಅಂದು ಮಹಾನಂದಾಳ ಬಾಯಲ್ಲಿ ಪಿನ್ನು ಇರಲಿಲ್ಲ.

“ಹಾಕ್ಕೊತಾರ್ರಿ ಮಾವ. ಆದ್ರ ಇವರು ಅಲ್ಲಿ ಹೋಗೂದ್ರಾಗ ಇವರ ಕುರ್ಚಿ ತಯಾರ್ ಇರ್ತದ. ನನ್ನ ಕುರ್ಚಿ ನಾನೇ ಮಾಡ್ಕೊಂಡೀನಿ, ಇಲ್ಲಿ, ಈ ಫರಸಿ ಮ್ಯಾಲ. ಇದಕ್ಕ ಬದ್ಲಿ ಆರ್ಡರ್ ಇಲ್ರಿ. ಇಲ್ಲಿ ಬಿಟ್ರ ಇಲ್ಲಿಗೇ ಮುಗೀತು.”

ಮಾವ ಚಾ ಕೇಳಿದರು, ಯಾರೂ ಏಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚು ಅಳುಕು. ಏಕೆಂದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋಗಿ ನನಗೆ ಸಿಕ್ಕಿರಲಿಲ್ಲ. ಇಂಥ ಹೊತ್ತಿನಲ್ಲಿ ಗಂಡಸರು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅವ್ವ ಹೇಳಲಿ ಎಂದೆ. ಅವ್ವ ಹೇಳಿದಂತೆ ಆಗಲಿ, ನಾನಂತೂ ಮುದುಕಿಯನ್ನು ಇಲ್ಲಿ ಬಿಟ್ಟು ಹೋಗುವವನಲ್ಲ. ಮಾವ ತಲೆದೂಗಿದರು. ಇದು ಇಸ್ಪೀಟಿನ ಹುಕುಮಿನ ಎಲೆ ಎಂದು ನಮ್ಮಿಬ್ಬರ ನಂಬಿಕೆ.

ಅವ್ವ ಗೋಡೆಗೊರಗಿ ಕೂತಿದ್ದಳು. ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು ನಮ್ಮ ಕಡೆ ನೋಡಿದಳು.

“ನಾ ಬರಂಗಿಲ್ಲಪ್ಪ. ಲಗ್ನದ ಸೀಜನ್ ಅದ.”

ಮಾವ, ಅಕ್ಕ ನಿನಗ್ಯಾವ ಲಗ್ನ ಎಂದು ಕೇಳಿದರು. ಅವ್ವ ತನ್ನ ಪಕ್ಕದ ಗಂಟನ್ನು ತೋರಿಸಿದಳು. ಹುಕ್ಕು ಹಚ್ಚಬೇಕಾದ ಬ್ಲೌಸುಗಳು ಸೊಂಟದೆತ್ತರ ಬಿದ್ದಿದ್ದವು. ಆ ಮನೆಯ ಹುಡುಗಿಯದು ಈ ವಾರ, ಈ ಮನೆಯದು ಮುಂದಿನ ವಾರ, ಮಾತು ಕೊಟ್ಟಿದ್ದೇನೆ ಎಂದು ಹೆಸರು ಹಿಡಿದು ಹೇಳುತ್ತ ಹೋದಳು. ಕೊನೆಗೆ ನನ್ನ ಮುಖ ನೋಡಿ ಅವಳಿಗೇ ಕನಿಕರವಾಗಿರಬೇಕು. ದನಿ ಇಳಿಸಿ, ಇಷ್ಟು ವರ್ಷ ನಿನ್ನಪ್ಪನ ಹಿಂದೆ, ಆಮೇಲೆ ನಿನ್ನ ಹಿಂದೆ ಇದ್ದೆ, ಈಗ ಜನ ನನ್ನನ್ನು ಕಾಯುತ್ತಾರೆ, ಅದೊಂದಿರಲಿ ಬಿಡು ಎಂದಳು. ಮಾವ ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ಅವರಿಗೆ ದಾರಿ ಬಿಟ್ಟರು.

ಹೀಗೆ ನಾನೊಬ್ಬನೇ ಜೇವರ್ಗಿಗೆ ಹೋದೆ. ಖೈರುನ್ ಖಾಲಾ ಎಂಬ ವಯಸ್ಸಾದ ಹೆಣ್ಣುಮಗಳ ಮನೆಯ ಹಿಂಭಾಗದಲ್ಲಿ ಒಂದು ಖೋಲಿ ಹಿಡಿದೆ. ಮೊದಲ ವಾರ ಖಾನಾವಳಿ, ಎರಡನೆಯ ವಾರ ಹೊಟ್ಟೆನೋವು, ಮೂರನೆಯ ವಾರದಿಂದ ಸ್ವಯಂಪಾಕ. ಬೇಳೆ ಬೇಯಲು ಎಷ್ಟು ಹೊತ್ತು ಬೇಕೆಂಬುದು ತೊಗರಿಯ ನಾಡಿನಲ್ಲಿ ಹುಟ್ಟಿ ತೊಗರಿ ತಿಂದೇ ಬೆಳೆದ ನನಗೆ ಗೊತ್ತಿರಲಿಲ್ಲ. ಅನ್ನಕ್ಕೆ ನೀರು ಹೆಚ್ಚಾದರೆ ಗಂಜಿ, ಕಡಿಮೆಯಾದರೆ ಚುರುಮುರಿ. ಇವೆರಡರ ನಡುವೆ ಅನ್ನ ಎಂಬ ಒಂದು ಸಣ್ಣ ಸಂದಿ ಇದೆ. ಹೆಂಗಸರು ಮಾತಾಡುತ್ತಲೇ ಅದರೊಳಗೆ ನುಸುಳುತ್ತಾರೆ. ಕುಕ್ಕರಿನ ಸೀಟಿಗೆ ಹೆದರಿ ನಾನು ಅಂಗಳಕ್ಕೆ ಓಡುವುದನ್ನು ಖಾಲಾ ಕೆಲವು ದಿನ ನೋಡಿ, ಕೊನೆಗೆ ತಾವೇ ಮುಂದೆ ನಿಂತು ಕಲಿಸಿದರು. ಬೀವಿ ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ ಅಭ್ಯಾಸಬಲದಿಂದ ಮನ್ಯಾಗೇ ಇರ್ತಾಳ್ರಿ ಎಂದೆ. “ಮನ್ಯಾಗ ಇದ್ರ ಇಲ್ಲಿ ಯಾಕ ಇಲ್ಲ?” ಎಂದು ಖಾಲಾ ಕೇಳಿದರು. ಬಹಳ ನೇರ ಪ್ರಶ್ನೆ. ನಾನು ಪೂರ್ತಿ ಕಥೆ ಹೇಳಬೇಕಾಯಿತು.

ಕಥೆ ಕೇಳಿದ ಖಾಲಾ ತಮ್ಮ ಮೊಮ್ಮಗಳ ನಿಕಾಹಿನ ಬಟ್ಟೆಯನ್ನು, ಅಳತೆಗೆಂದು ಒಂದು ಹಳೆಯ ಕಮೀಜಿನ ಜೊತೆ, ನನ್ನ ಕೈಗಿಟ್ಟರು. ಮುಂದಿನ ವಾರ ಅದು ಹೊಲಿಗೆಯಾಗಿ ಬಂತು. ಮೊಮ್ಮಗಳು ತೊಟ್ಟುಕೊಂಡು ಓಣಿಯಲ್ಲಿ ಒಂದು ಸುತ್ತು ಹೋಗಿ ಬಂದಳು. ಅಷ್ಟೇ. ಅಲ್ಲಿಂದ ಪ್ರತಿ ಶನಿವಾರ ನನ್ನ ಚೀಲದಲ್ಲಿ ಜೇವರ್ಗಿಯ ಬಟ್ಟೆ, ಪ್ರತಿ ಸೋಮವಾರ ಆಳಂದದ ಹೊಲಿಗೆ. ಸಂಜೆ ಖೋಲಿಯ ಮುಂದೆ ಪಾಳಿ. ಕುತ್ತಿಗೆ ಹಿಂದೆ ಇನ್ನೂ ಇಳಿಯಬೇಕು, ತೋಳಿಗೆ ಲೇಸು ಬೇಕು ಎಂದು ಹೆಂಗಸರು ಹೇಳುವುದು, ನಾನು ಗೋಡೆ ನೋಡಿಕೊಂಡು ತಲೆಯಾಡಿಸುವುದು. ಮದುವೆಯಾದ ಇಷ್ಟು ವರ್ಷಕ್ಕೆ ನನಗೆ ಪ್ರಿನ್ಸೆಸ್ ಕಟ್ ಎಂದರೇನೆಂದು ತಿಳಿಯಿತು.

ಕಚೇರಿಯಲ್ಲಿ ಇದು ಗುಟ್ಟಾಗಿತ್ತು. ಗುಟ್ಟಾಗಿದೆ ಎಂದು ನಾನು ತಿಳಿದಿದ್ದೆ. ಒಂದು ಸೋಮವಾರ ಬಸ್ಸಿಳಿದು ನೇರವಾಗಿ ಮೀಟಿಂಗಿಗೆ ಹೋದೆ. ನಮ್ಮ ಅಧಿಕಾರಿ ಮೈಸೂರು ಕಡೆಯ ಮೇಡಂ, ಬಹಳ ಶಿಸ್ತಿನವರು. ಫೈಲು ಕೇಳಿದರು. ನಾನು ಚೀಲಕ್ಕೆ ಕೈ ಹಾಕಿ ಎಳೆದದ್ದಕ್ಕೆ ಫೈಲಿನ ದಾರಕ್ಕೆ ಸಿಕ್ಕಿಕೊಂಡು ಒಂದು ಹಸಿರು ರೇಷ್ಮೆ ಬ್ಲೌಸು ಮೇಜಿನ ಮೇಲೆ ಬಂದು ಬಿತ್ತು. ಅದರ ಹಿಂದೆ ಇನ್ನೊಂದು. ಸಭೆಯಲ್ಲಿ ಎಲ್ಲರೂ ತಂತಮ್ಮ ಕಾಗದಗಳನ್ನು ಬಹಳ ಗಮನವಿಟ್ಟು ಓದತೊಡಗಿದರು. ಮೇಡಂ ಹಸಿರು ಬ್ಲೌಸನ್ನು ಎತ್ತಿ, ಒಳಮೈ ಹೊರಗೆ ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಮಡಚಿ ನನ್ನ ಕಡೆ ಸರಿಸಿದರು. ಮೀಟಿಂಗ್ ಮುಗಿದ ಮೇಲೆ ಚೇಂಬರಿಗೆ ಬನ್ನಿ ಎಂದರು.

ಮೆಮೋಗೆ ಏನು ಉತ್ತರ ಬರೆಯಬೇಕೆಂದು ಮನಸ್ಸಿನಲ್ಲೇ ಬರೆದುಕೊಂಡು ಹೋದೆ. ಅವರು ಬಾಗಿಲು ಮುಚ್ಚಲು ಹೇಳಿ ಕೇಳಿದರು: “ಇಲ್ಲಿಗೆ ಬಂದಾಗಿನಿಂದ ನನಗೆ ಸರಿಯಾಗಿ ಹೊಲಿಯೋರೇ ಸಿಕ್ಕಿಲ್ಲ. ನಿಮ್ಮ ಮನೆಯವರು ಹೊರಗಿನವರದ್ದೂ ತಗೋತಾರಾ?”

ತಗೋತಾರೆ ಎಂದೆ. ಬೇಗ ಆಗುತ್ತಾ ಎಂದರು. ನಾನು ಒಂದು ಕ್ಷಣವೂ ತಡಮಾಡದೆ, ನಾಡಿದ್ದು ಮೇಡಂ ಎಂದೆ.

ಅಲ್ಲಿಂದ ಮುಂದೆ ಕಚೇರಿಯಲ್ಲಿ ನನಗೆ ಸಿಕ್ಕಿದ ಮರ್ಯಾದೆ ಇಡೀ ನೌಕರಿಯಲ್ಲಿ ಸಿಕ್ಕಿರಲಿಲ್ಲ. ಶನಿವಾರ ಬಸ್ಸು ತಪ್ಪಬಾರದೆಂದು ಮೇಡಂ ತಾವೇ ಗಡಿಯಾರ ನೋಡಿ ಎಬ್ಬಿಸುತ್ತಿದ್ದರು. ಸಹೋದ್ಯೋಗಿಗಳು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮನೆಯಿಂದ ಕವರು ತಂದರು.

ಆಳಂದದ ಮನೆಯಲ್ಲಿ ನನಗೆ ಸ್ವಾಗತವಿತ್ತು, ನನಗಿಂತ ಮೊದಲು ಚೀಲಕ್ಕೆ. ಅವ್ವ ಅದನ್ನು ಸುರುವಿ ನೋಡಿ, ಈ ವಾರ ಕಡಿಮೆಯಾಯಿತಲ್ಲ ಎನ್ನುತ್ತಿದ್ದಳು. ಮಲಗುವ ಕೋಣೆಯಲ್ಲಿದ್ದ ನನ್ನ ಮಂಚವನ್ನು ಹಿತ್ತಲ ಚಪ್ಪರಕ್ಕೆ ಸಾಗಿಸಿ ಅಲ್ಲಿ ಹೊಸ ಓವರ್‌ಲಾಕ್ ಮಷೀನು ಇಟ್ಟಿದ್ದರು. ಶನಿವಾರ ಬಂದು ಸೋಮವಾರ ಹೋಗುವವನಿಗೆ ಪಡಸಾಲೆಯಲ್ಲೊಂದು ಹಾಸಿಗೆ ಸಾಕಲ್ಲ. ನಾನು ಹೋದ ಮೇಲೆ ಹೇಗೆ ನಡೆಯುತ್ತಿದೆ ಎಂದು ವಿಜ್ಜಿಯನ್ನು ಮೆಲ್ಲಗೆ ಕೇಳಿದೆ. ಸ್ವಲ್ಪ ಕಷ್ಟವಾಗುತ್ತಿದೆ ಎಂದಾಳೆಂದು ಆಸೆ. ಅವಳು ಪ್ರಾಮಾಣಿಕವಾಗಿ ಯೋಚಿಸಿ, “ಅಪ್ಪಾ, ಮನ್ಯಾಗ ಕೆಲಸ ಕಮ್ಮಿ ಆಗ್ಯಾದ,” ಎಂದಳು.

ಅದು ಮನಸ್ಸಿಗೆ ನಾಟಿತು. ಮರುದಿನ ರವಿವಾರ, ಎಲ್ಲರೂ ಅವಸರದಲ್ಲಿದ್ದಾಗ ನಾನು ಅಡಿಗೆಮನೆ ಹೊಕ್ಕೆ. ಖಾಲಾ ಕಲಿಸಿದ ಹಾಗೆ ಅನ್ನ, ಬೇಳೆ, ಬದನೆಕಾಯಿ ಪಲ್ಯ ಮಾಡಿ ತಾಟು ಹಾಕಿದೆ. ರೊಟ್ಟಿ ಬಡಿಯಲು ಹೋಗಿ ಮೂರು ಮುರಿದು ಕೈಬಿಟ್ಟೆ. ಮಹಾನಂದಾ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ನಿಂತೇ ಉಣ್ಣಲು ಹೊರಟವಳನ್ನು ಕೂಡಿಸಿ ಬಡಿಸಿದೆ. ಇನ್ನೊಬ್ಬರು ಬಡಿಸುವಾಗ ಕೈ ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಾಟಿನ ಅಂಚನ್ನು ಹಿಡಿದು ಕೂತಿದ್ದಳು. ಒಂದು ತುತ್ತು ಉಂಡು, ಉಪ್ಪು ಕಮ್ಮಿ ಅದ ಎಂದಳು. ಆಮೇಲೆ ಎರಡನೆಯ ಸಲ ಬೇಳೆ ಹಾಕಿಸಿಕೊಂಡಳು. ಅಷ್ಟರಲ್ಲಿ ಹೊರಗೆ ಯಾರೋ ಕರೆದರು. ಅವಳು ಏಳಲಿಲ್ಲ. ಊಟ ಮಾಡಾಕತ್ತೇನಿ, ಕೂಡ್ರಿ ಎಂದು ಕೂಗಿ ಹೇಳಿ, ನಿಧಾನವಾಗಿ ಉಂಡಳು.

ಆ ಊಟವಾದ ಮೇಲೆ ನನಗೆ ಜೇವರ್ಗಿಯ ಖೋಲಿಯಲ್ಲಿ ಇರಲಾಗಲಿಲ್ಲ. ಆಳಂದದಲ್ಲಿ ಒಬ್ಬರು ನಿವೃತ್ತರಾಗಲಿದ್ದರು. ಅವರ ಜಾಗಕ್ಕೆ ನನ್ನನ್ನು ಕಳಿಸಿ ಎಂದು ಕೇಳಲು ಮೇಲಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ಒಳ್ಳೆಯವನು, ದಾರಿ ಹುಡುಕುತ್ತಿದ್ದ. ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರೆ ಪತಿ-ಪತ್ನಿ ಪ್ರಕರಣವೆಂದು ಒಂದೇ ಊರು ಕೇಳಬಹುದು, ನಿಮ್ಮ ಮಿಸೆಸ್ ನೌಕರಿ ಮಾಡುತ್ತಾರೇನು ಎಂದ. ಮಾಡುತ್ತಾಳೆ ಎಂದೆ. ಹೀಗೆ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಯಾವ ಇಲಾಖೆ ಎಂದ. ಹೊಲಿಗೆ, ಸ್ವಂತದ್ದು, ಮನೆಯಲ್ಲೇ ಎಂದೆ. ಅವನು ಪೆನ್ನು ಕೆಳಗಿಟ್ಟ.

“ಅದು ನೌಕರಿ ಅಲ್ರಿ ಸರ್. ನೌಕರಿ ಅಂದ್ರ ಬದ್ಲಿ ಆಗಬೇಕು. ಬದ್ಲಿನೇ ಆಗಂಗಿಲ್ಲ ಅಂದಮ್ಯಾಲ ಅದು ಎಂಥ ನೌಕರಿ?”

ನಾನು ಅವನ ಜೊತೆ ಬಹಳ ಹೊತ್ತು ವಾದ ಮಾಡಿದೆ. ಬೆಳಿಗ್ಗೆಯಿಂದ ಸಂಜೆತನಕ ಕೂರುತ್ತಾಳೆ, ಜನ ಕಾಯುತ್ತಾರೆ, ತಪ್ಪಾದರೆ ಬೈಸಿಕೊಳ್ಳುತ್ತಾಳೆ, ರಜೆ ಇಲ್ಲ, ಇನ್ನೇನು ಬೇಕು ಎಂದೆ. ರಜೆ ಇಲ್ಲ ಎಂದದ್ದೇ ತಪ್ಪಾಯಿತು. ಹಾಗಾದರೆ ನೌಕರಿ ಅಲ್ಲವೇ ಅಲ್ಲ ಎಂಬ ಅವನ ಅನುಮಾನ ಖಾತ್ರಿಯಾಯಿತು. ಕೊನೆಗೆ ನನ್ನ ಬೆನ್ನುನೋವಿನ ಮೇಲೆ ಅರ್ಜಿ ಹೋಯಿತು. ಗಂಡಸಿನ ಬೆನ್ನುನೋವಿಗೆ ಸರ್ಕಾರದಲ್ಲಿ ಜಾಗ ಇದೆ.

ಬಿಡುಗಡೆಗೆ ಮೇಡಂ ಸಹಿ ಬೇಕಿತ್ತು. ಅವರು ಕಾಗದವನ್ನು ಎರಡು ಸಲ ಓದಿದರು. ನಿಮ್ಮಂಥವರನ್ನು ಕಳಕೊಳ್ಳುವುದು ಕಚೇರಿಗೆ ನಷ್ಟ ಎಂದರು. ಯಾರಾದರೂ ಒಬ್ಬ ಅಧಿಕಾರಿ ಈ ಮಾತು ಹೇಳಲಿ ಎಂದು ನಾನು ನೌಕರಿ ಸೇರಿದಂದಿನಿಂದ ಕಾದಿದ್ದೆ. ಅವರು ಹೇಳುವಾಗ ಅವರ ಮೇಜಿನ ಬದಿಯಲ್ಲಿ ಇನ್ನೂ ಹೊಲಿಯದ ಎರಡು ಬ್ಲೌಸ್ ಪೀಸು ಇದ್ದವು. ಸಹಿ ಮಾಡಿ ಕಾಗದವನ್ನೂ ಪೀಸುಗಳನ್ನೂ ಒಟ್ಟಿಗೇ ಕೊಟ್ಟರು.

ಆರ್ಡರ್ ಹಿಡಿದು ಹಿಗ್ಗಿನಿಂದ ಆಳಂದಕ್ಕೆ ಬಂದೆ. ಪಡಸಾಲೆ ತುಂಬಿತ್ತು. ಕಟ್ಟೆಯ ಮೇಲಿಂದಲೇ ಸುದ್ದಿ ಹೇಳಿದೆ. ಅವ್ವನ ಕೈಯಲ್ಲಿ ಸೂಜಿ ನಿಂತಿತು. ಜೇವರ್ಗಿಯ ಬಟ್ಟೆ ಇನ್ನು ಯಾರು ತರುತ್ತಾರೆ ಎಂದಳು. ದಸರೆ ಬರುತ್ತಿದೆ, ಇನ್ನೊಂದು ವರ್ಷ ಅಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಎಂದಳು. ಗಿರಾಕಿಗಳಲ್ಲಿ ಕೆಲವರು, ಪಾಪ ಹೌದು ಎಂದು ಲೊಚಗುಟ್ಟಿದರು. ನಾನು ಆರ್ಡರ್ ಹಿಡಿದು ನಿಂತೇ ಇದ್ದೆ.

ಮಹಾನಂದಾ ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದಳು.

“ಜೇವರ್ಗಿ ಮಂದಿಗಿ ಬಸ್ ಅದ, ಅತ್ತಿ. ಬೇಕಾದ್ರ ಬರ್ತಾರ. ಇವರಿಗಿ ಇದೊಂದೇ ಮನಿ.”

ಅಷ್ಟು ಹೇಳಿ ಎದ್ದು ಕೋಣೆಗೆ ಹೋದಳು. ಒಳಗೆ ಕಬ್ಬಿಣ ಫರಸಿಗೆ ಉಜ್ಜುವ ಸದ್ದು ಕೇಳಿತು. ಓವರ್‌ಲಾಕ್ ಮಷೀನನ್ನು ಗೋಡೆಯ ಕಡೆಗೆ ತಳ್ಳುತ್ತಿದ್ದಳು. ವಿಜ್ಜಿಯೂ ಹೋಗಿ ಭುಜ ಕೊಟ್ಟಳು. ಆಮೇಲೆ ಮಹಾನಂದಾ ಹೊರಗೆ ಬಂದು ಗಿರಾಕಿಗಳಿಗೆ, ಕೂತು ಏನು ಮಾಡುತ್ತೀರಿ, ಬನ್ನಿ, ಒಂದು ಕೈ ಹಚ್ಚಿ ಎಂದಳು. ಎಲ್ಲರೂ ಹಿತ್ತಲಿಗೆ ಹೋದರು. ಮೈಮೇಲಿನ ಬ್ಲೌಸಿನಲ್ಲಿ ಇನ್ನೂ ಪಿನ್ನು ಚುಚ್ಚಿಕೊಂಡೇ ಇದ್ದ ಒಬ್ಬಳು ಚಪ್ಪರದಲ್ಲಿದ್ದ ನನ್ನ ಮಂಚದ ತಲೆಯ ಕಡೆ ಹಿಡಿದಳು, ಇನ್ನಿಬ್ಬರು ಕಾಲು ಹಿಡಿದರು. ಅವ್ವ ಕೂತಲ್ಲಿಂದಲೇ, ಗ್ವಾಡಿಗಿ ಬಡದೀರಿ, ಹಗೂರ ಎಂದು ದಾರಿ ತೋರಿಸುತ್ತಿದ್ದಳು. ನಾನು ಮುಂದೆ ಹೋಗಿ ಹಿಡಿಯಲು ನೋಡಿದೆ, ಜಾಗವಿರಲಿಲ್ಲ.

ಮಂಚ ಒಳಗೆ ಹೋಯಿತು. ಅದರ ಹಿಂದೆ ನಾನೂ ಹೋದೆ.